ಅವ್ವ ಆಮೆಗಳಿಗೆ ಸಂಬಂಧ ನೋಡಿದ್ದು

ಒಟ್ಟು ಎಷ್ಟು ಆಮೆಗಳಿದ್ದವು ಎಂದರೆ ನಾನು ಹನ್ನೊಂದು ಎನ್ನುತ್ತೇನೆ, ಅಣ್ಣ ಏಳು ಎನ್ನುತ್ತಾನೆ. ಇಬ್ಬರೂ ಪ್ರಮಾಣ ಮಾಡಲು ಸಿದ್ಧ. ದಿನಚರಿ ಬರೆಯುವ ಅಭ್ಯಾಸ ನನಗೆ ಅಂಟಿದ್ದು ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದಾಗ. ಅದಕ್ಕಿಂತ ಹಿಂದಿನ ಯಾವುದಕ್ಕೂ ನನ್ನಲ್ಲಿ ಬರೆದಿಟ್ಟ ಸಾಕ್ಷಿಯಿಲ್ಲ. ಮಂಡ್ಯದ ಗುತ್ತಲಿನಲ್ಲಿದ್ದ ನಮ್ಮ ಮನೆಗೆ ಆಮೆಗಳು ಬರುತ್ತಿದ್ದ ಆ ಎರಡು ವರ್ಷಗಳಲ್ಲಂತೂ ಕಂಡದ್ದು, ಕೇಳಿದ್ದು, ಹೇಳಿ ಹೇಳಿ ಬೆಳೆಸಿದ್ದು ಎಲ್ಲ ಬೆರೆತುಹೋಗಿವೆ. ಹಿತ್ತಲ ತೊಟ್ಟಿಯ ಪಕ್ಕ ಕರಿಬೇವಿನ ಗಿಡವಿತ್ತು ಎಂದು ಬಹಳ ಕಾಲ ನಂಬಿದ್ದೆ. ಅದು ನುಗ್ಗೆ ಮರ ಎಂದು ಒಂದು ಹಳೆಯ ಫೋಟೋ ತೋರಿಸಿಕೊಟ್ಟಿತು. ನುಗ್ಗೆಯನ್ನು ಕರಿಬೇವೆಂದು ಕಂಡವಳು ಬರೆಯುತ್ತಿದ್ದಾಳೆ ಎಂಬುದನ್ನು ಓದುವವರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಅವ್ವನ ವಿಷಯದಲ್ಲಿ ಮಾತ್ರ ನನಗೆ ಅನುಮಾನವಿಲ್ಲ. ಅವಳು ಮಾಡಿದ್ದನ್ನು ನೋಡಿದವರು ಬೀದಿಯ ತುಂಬ ಇದ್ದರು.

ಮನೆ ಉದ್ದಕ್ಕೆ ರೈಲು ಡಬ್ಬಿಯ ಹಾಗಿತ್ತು. ಮುಂದೆ ಜಗಲಿ, ಅಲ್ಲಿಂದ ಅಪ್ಪನ ಮೇಜು ಇದ್ದ ಪಡಸಾಲೆ, ಅಜ್ಜಿಯ ಮಂಚವೂ ರಾಗಿ ಮೂಟೆಯೂ ಇದ್ದ ನಡುಮನೆ, ಅಡುಗೆಮನೆ, ಬಚ್ಚಲು. ಬಚ್ಚಲ ಬಾಗಿಲು ತೆಗೆದರೆ ಹಿತ್ತಲು. ಹಿತ್ತಲಲ್ಲಿ ಸೇದುವ ಬಾವಿ, ಅದರ ಪಕ್ಕ ನನ್ನ ಎದೆಮಟ್ಟದ ಕಲ್ಲಿನ ತೊಟ್ಟಿ. ಮನೆಯ ಎಡಕ್ಕೆ ಒಬ್ಬರು ನಡೆಯುವಷ್ಟು ಸಂದಿ ಇತ್ತು. ಬೀದಿಯಿಂದ ಹಿತ್ತಲಿಗೆ ಹಾಗೂ ಬರಬಹುದಿತ್ತು. ಅಪ್ಪ ಪ್ರೈಮರಿ ಶಾಲೆಯ ಮೇಷ್ಟ್ರು. ಅವ್ವ ತಾಯಮ್ಮ ಮದ್ದೂರು ತಾಲ್ಲೂಕಿನ ಕೊಪ್ಪದವಳು, ನಾಲ್ಕನೇ ಕ್ಲಾಸು ಓದಿದವಳು. ಅಪ್ಪನ ತಾಯಿ ಅಜ್ಜಿ, ನನಗಿಂತ ಮೂರು ವರ್ಷ ದೊಡ್ಡವನಾದ ಅಣ್ಣ ಶಿವು, ಜಯ ಎಂಬ ನಾನು. ಇನ್ನೊಬ್ಬರು ಬಾವಿಯಲ್ಲಿದ್ದರು. ನಮ್ಮ ಕಡೆ ಬಾವಿ ತೋಡಿಸಿದರೆ ನೀರಿಗೊಂದು ಆಮೆ ಬಿಡುತ್ತಿದ್ದರು. ಹುಳ, ಹುಪ್ಪಟೆ, ಕೊಳೆತ ಎಲೆ ತಿಂದು ಅದು ನೀರನ್ನು ಚೊಕ್ಕಟವಾಗಿಡುತ್ತದೆ ಎಂಬುದು ಎಲ್ಲರೂ ಬಲ್ಲ ಮಾತು. ನಮ್ಮ ಬಾವಿಯದು ಕಪ್ಪು ಬೆನ್ನಿನ, ಊಟದ ತಟ್ಟೆಯಷ್ಟು ಅಗಲದ ಹಳೆಯ ಆಮೆ. ಬೆಳಿಗ್ಗೆ ಅವ್ವ ಬಿಂದಿಗೆ ಇಳಿಬಿಟ್ಟರೆ ಕತ್ತು ಚಾಚಿ ಎಲ್ಲರನ್ನೂ ಒಮ್ಮೆ ದಿಟ್ಟಿಸಿ, ಏನೋ ಬೇಸರವಾದಂತೆ ತಲೆ ಒಳಗೆಳೆದುಕೊಳ್ಳುತ್ತಿತ್ತು. ಅವ್ವ ಅದಕ್ಕೆ ಮೇಷ್ಟ್ರು ಎಂದು ಹೆಸರಿಟ್ಟಿದ್ದಳು. ಅಪ್ಪ ಕೇಳುವಂತೆಯೇ ಕರೆಯುತ್ತಿದ್ದಳು.

“ಮೇಷ್ಟ್ರು ಎದ್ದವ್ರೆ ಕಣ್ರವ್ವ, ಆಜರಿ ಕೂಗ್ತಾವ್ರೆ, ಮಕ ತೊಳ್ಕೊಳ್ಳಿ.”

ಬೀದಿಗೆ ನಲ್ಲಿ ಬಂದ ವರ್ಷ ಬಾವಿಗಳ ಮರ್ಯಾದೆ ಹೋಯಿತು. ಬಾವಿ ಮುಚ್ಚಿದರೆ ಹಿತ್ತಲಿಗೆ ಇನ್ನೊಂದು ಕೋಣೆ ಬರುತ್ತದೆ ಎಂದು ಎಲ್ಲರಿಗೂ ಒಟ್ಟಿಗೇ ಹೊಳೆದಂತಿತ್ತು. ಮೊದಲು ಮುಚ್ಚಲು ಹೊರಟವರು ಪಕ್ಕದ ಮನೆಯ ಪುಟ್ಟಸ್ವಾಮಣ್ಣ. ಹಳೇ ಗೋಡೆಯ ಕಲ್ಲುಮಣ್ಣು ಗಾಡಿಯಲ್ಲಿ ಬಂದು ನಿಂತಿತ್ತು. ಅವ್ವ ಅಕ್ಕಿ ಆರಿಸುತ್ತಿದ್ದವಳು ಮೊರವನ್ನು ನನ್ನ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸಂದಿ ಹಾದು ಅವರ ಹಿತ್ತಲಿಗೆ ಹೋದಳು. ಅವಳು ಬಾವಿಕಟ್ಟೆಯ ಮೇಲೆ ಕುಳಿತೇಬಿಟ್ಟಳು ಎಂದು ನನ್ನ ನೆನಪು. ನಿಂತಿದ್ದಳು ಅಷ್ಟೆ ಎನ್ನುತ್ತಾನೆ ಅಣ್ಣ. ಮಾತು ಮಾತ್ರ ಇಬ್ಬರಿಗೂ ಒಂದೇ ಥರ ನೆನಪಿದೆ.

“ಪುಟ್ಟಸ್ವಾಮಣ್ಣ, ಒಳಗಡೆ ಜೀವ ಅದೆ.”

“ಅದ್ಕೇನೀಗ? ತಕ್ಕೊಂಡು ನಾಲೆಗೆ ಎಸ್ದುಬುಟ್ರಾಯ್ತು ಬುಡು.”

“ನಾಲೆ ನೀರು ನಿಲ್ಸ್ತಾರಲ್ಲ, ಆವಾಗ? ಸಿಮೆಂಟ್ ಮೇಲೆ ಬೆನ್ನು ಸುಟ್ಕೊಂಡು ಕುಂತಿರ್ಲಾ? ಇಪ್ಪತ್ತೊರ್ಸ ನಿನ್ ನೀರು ಕಾಯ್ದದೆ ಕಣಣ್ಣ.”

“ಅಂಗಾದ್ರೆ ನೀನೇ ಮಡೀಕೊ ತಾಯಮ್ಮ.”

ಗಾಡಿಯವರು ನಕ್ಕರು. ಅವ್ವ ನಗಲಿಲ್ಲ.

“ಮಡೀಕೊತೀನಿ. ತೆಗ್ಸಿ.”

ಬಾವಿಗೆ ಇಳಿದ ಆಳು ಮಂಕರಿಯಲ್ಲಿ ಅದನ್ನು ಮೇಲಕ್ಕೆ ಕಳಿಸಿದ. ಅವ್ವ ಒದ್ದೆ ಗೋಣಿಚೀಲದಲ್ಲಿ ಸುತ್ತಿ ತಂದು ನಮ್ಮ ತೊಟ್ಟಿಗೆ ಬಿಟ್ಟು, ಹತ್ತಿ ಕೂರಲೆಂದು ಒಂದು ಚಪ್ಪಡಿ ಓರೆಯಾಗಿ ಇಟ್ಟಳು. ವಾರದೊಳಗೆ ಎರಡನೆಯದು ಬಂತು. ಬಾವಿ ಮುಚ್ಚುವವರಿಗೆಲ್ಲ ನಮ್ಮ ಮನೆ ಸುಲಭದ ದಾರಿಯಾಯಿತು. ಬಕೀಟಿನಲ್ಲಿ, ತೂತಾದ ಕೊಳದಪ್ಪಲೆಯಲ್ಲಿ, ಒಮ್ಮೆ ಬಾಳೆ ಎಲೆ ಹೊದಿಸಿದ ತರಕಾರಿ ಬುಟ್ಟಿಯಲ್ಲಿ ಆಮೆಗಳು ಬಂದವು. ಬಾವಿಯವಷ್ಟೇ ಅಲ್ಲ. ಮಕ್ಕಳ ಆಟಕ್ಕೆಂದು ತಂದು ಸಾಕಿ, ಬೇಸರವಾದ ಮೇಲೆ ಏನು ಮಾಡುವುದು ಎಂದು ತಿಳಿಯದವರೂ ಬರತೊಡಗಿದರು. ಆಮೆ ಹೊಸಲು ದಾಟಿದರೆ ಮನೆಗೆ ಕೇಡು ಎಂದು ಅಜ್ಜಿ ಗಟ್ಟಿಯಾಗಿ ನಂಬಿದ್ದಳು. ಮುದ್ದೆಯ ಮುಂದೆ ಕುಳಿತರೂ ಅದೇ ಜಗಳ.

“ಲೇ ತಾಯಮ್ಮ, ಮನೆ ಹಾಳ್ಮಾಡಕ್ಕೆ ನಿಂತಿದ್ದೀಯ ಕಣೆ.”

“ಅತ್ತೆಮ್ಮ, ಬಾವೀಲಿದ್ರೆ ದ್ಯಾವ್ರು, ಬಕೀಟಲ್ಲಿದ್ರೆ ಸನಿನಾ?”

ಅಜ್ಜಿ ಸೋಲಲಿಲ್ಲ. ಆಮೆಗಳು ಸಂದಿಯಿಂದಲೇ ಬರಬೇಕು, ಸಂದಿಯಿಂದಲೇ ಹೋಗಬೇಕು, ಬಚ್ಚಲ ಹೊಸಲು ದಾಟಕೂಡದು, ಬರುವ ವರ್ಷ ಯುಗಾದಿಯ ಎಣ್ಣೆಸ್ನಾನದ ಹೊತ್ತಿಗೆ ತೊಟ್ಟಿಯಲ್ಲಿ ಒಂದೂ ಇರಕೂಡದು ಎಂದು ಕಟ್ಟಾಜ್ಞೆ ಮಾಡಿದಳು. ಅಪ್ಪ ಮುದ್ದೆಯನ್ನು ಸಾರಿನಲ್ಲಿ ಹೊರಳಿಸುತ್ತಿದ್ದರು. ಅವ್ವ ಒಪ್ಪಿಕೊಂಡಳು. ಒಪ್ಪಿಕೊಂಡ ಮೇಲೆ ಆಡಿದ ಮಾತು ನಮ್ಮ ಮನೆಯ ಶಬ್ದಕೋಶವನ್ನೇ ಬದಲಿಸಿತು.

“ಆಯ್ತು. ಸಂಬಂಧ ನೋಡ್ತೀನಿ.”

ಹೆಣ್ಣು ಕೊಡುವ ಮುಂಚೆ ಗಂಡಿನ ಮನೆ ನೋಡಿ ಬರುವ ಹಾಗೆ ಅವ್ವ ಕೆರೆಕಟ್ಟೆಗಳನ್ನು ನೋಡಿ ಬರಲು ಹೊರಟಳು. ಭಾನುವಾರ ಬೆಳಿಗ್ಗೆ ಬೇಗ ಮುದ್ದೆ ತೊಳಸಿ, ತಲೆಗೆ ಎಣ್ಣೆ ಹಚ್ಚಿ, ಕೆಂಪು ಅಂಚಿನ ಸೀರೆ ಉಟ್ಟು ಬಸ್ಸು ಹತ್ತುತ್ತಿದ್ದಳು. ಕೆಲವು ಸಲ ನನ್ನನ್ನೂ ಕರೆದೊಯ್ದಳು. ಮದ್ದೂರಿನಲ್ಲಿ ಒಂದು ಕಲ್ಯಾಣಿ ನೋಡಿದೆವು. ನೀರು ತಿಳಿಯಾಗಿತ್ತು, ಮೆಟ್ಟಿಲು ಲಕ್ಷಣವಾಗಿತ್ತು. ಅವ್ವ ಸುತ್ತ ಒಂದು ಬಾರಿ ನಡೆದು ಬೇಡವೆಂದಳು. ಎಲ್ಲ ಕಲ್ಲು, ಮೊಟ್ಟೆ ಇಡಲು ಹಿಡಿ ಮಣ್ಣಿಲ್ಲ. ಮಳವಳ್ಳಿ ರಸ್ತೆಯಲ್ಲಿ ಒಂದು ಕಟ್ಟೆ ನೋಡಿದೆವು. ಅಲ್ಲಿ ಮಣ್ಣಿತ್ತು, ಜೊಂಡಿತ್ತು, ನೆರಳಿತ್ತು. ಏರಿಯ ಮೇಲೆ ಮೀನಿನ ಬಲೆಗಳು ಒಣಗುತ್ತಿದ್ದವು. ಅವ್ವ ಅಲ್ಲಿದ್ದ ಹೆಂಗಸಿನ ಜೊತೆ ಎಲೆ ಅಡಿಕೆ ಹಂಚಿಕೊಂಡು ಊರ ಸಮಾಚಾರವನ್ನೆಲ್ಲ ಕೇಳಿ, ಕೊನೆಗೆ ಏನೂ ಅಲ್ಲವೆಂಬಂತೆ ಕೇಳಿದಳು.

“ಬಲೆಗೆ ಆಮೆ ಬಿದ್ರೆ ಏನ್ ಮಾಡೀರಿ?”

“ಏನ್ ಮಾಡೋದು, ಸಾರ್ ಮಾಡೋದು.”

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವ್ವನಿಗೆ ನಗು ತಡೆಯಲಾಗಲಿಲ್ಲ. “ಎಲ್ಲಾ ಚೆಂದಾಗದೆ ಕಣ್ ಜಯ, ಅತ್ತೆ ಒಬ್ಳು ಸರಿಯಿಲ್ಲ” ಎಂದಳು.

ನನಗೆ ಆ ನಗು ಬರುತ್ತಿರಲಿಲ್ಲ. ಶಾಲೆಯಲ್ಲಿ ನನ್ನ ಪಾಡು ಬೇರೆಯಾಗಿತ್ತು. ಒಂದು ದಿನ ಸರ್ವಮಂಗಳ ಎಂಬ ಹುಡುಗಿಗೆ ರಬ್ಬರು ಆಮೇಲೆ ಕೊಡುತ್ತೇನೆ ಎಂದೆ. “ಆಮೆ ಮೇಲೆ ಯಾಕೆ ಮಡಗ್ತೀಯೆ, ಕೈ ಮೇಲೆ ಮಡಗು” ಎಂದಳು. ಇಡೀ ತರಗತಿ ನಕ್ಕಿತು. ಅಲ್ಲಿಂದ ಮುಂದೆ ನಾನು ಆ ಶಬ್ದ ಎತ್ತಿದರೆ ಸಾಕು, ನಾಲ್ಕು ಜನ ಆಮೆ ಮೇಲೆ, ಆಮೆ ಮೇಲೆ ಎಂದು ಕೂಗುತ್ತಿದ್ದರು. ಆ ಶಬ್ದವನ್ನೇ ಬಿಟ್ಟೆ. ನಂತರ, ಬಳಿಕ ಎಂದು ಪುಸ್ತಕದ ಮಾತು ಕಲಿತೆ. ಹತ್ತು ವರ್ಷದ ಹುಡುಗಿ ಹಾಗೆ ಮಾತಾಡುವುದನ್ನು ಕೇಳಿ ಟೀಚರು ನನ್ನ ಭಾಷೆ ಶುದ್ಧವಾಗಿದೆ ಎಂದು ಹೊಗಳಿದರು. ಇಂದಿಗೂ ನನ್ನ ದಿನಚರಿಯಲ್ಲಿ ನಂತರ, ಬಳಿಕಗಳೇ ತುಂಬಿವೆ. ಅದರ ಮೂಲ ವ್ಯಾಕರಣದಲ್ಲಿಲ್ಲ, ನಮ್ಮ ತೊಟ್ಟಿಯಲ್ಲಿದೆ.

ಈಗ ಬರೆಯಬೇಕಾದ್ದನ್ನು ಇಷ್ಟು ಹೊತ್ತು ಮುಂದೂಡಿದೆ. ಅವ್ವ ಇನ್ನೊಂದು ಕೆರೆ ನೋಡಲು ಒಬ್ಬಳೇ ಹೋಗಿದ್ದ ಭಾನುವಾರ, ಲಾರಿ ಓಡಿಸುವವರೊಬ್ಬರ ಹೆಂಡತಿ ಬಟ್ಟೆ ಚೀಲದಲ್ಲಿ ಒಂದು ಆಮೆ ತಂದರು. ಆಕೆಯ ಗಂಡ ಆಂಧ್ರದ ಕಡೆ ಹೋದಾಗ ಮಕ್ಕಳಿಗೆಂದು ತಂದದ್ದಂತೆ. ತಾನೀಗ ಬಸುರಿ, ಮನೆಯಲ್ಲಿ ಆಮೆ ಬೇಡ ಎನ್ನುತ್ತಾರೆ ಎಂದರು. ಅಷ್ಟು ಚೆಂದದ ಆಮೆಯನ್ನು ನಾವು ನೋಡಿರಲಿಲ್ಲ. ಬೆನ್ನು ಗೋಪುರದ ಹಾಗೆ ಎದ್ದಿತ್ತು. ಕಪ್ಪಿನ ಮೇಲೆ ಹಳದಿ ಗೆರೆಗಳು ರಂಗೋಲಿಯ ಚುಕ್ಕೆಯಿಂದ ಎಳೆದಂತೆ ಹರಡಿದ್ದವು. ಯಾರಾದರೂ ಆಮೆ ತಂದರೆ ತೊಟ್ಟಿಗೆ ಬಿಡಿ ಎಂದು ಅವ್ವ ಹೇಳಿಟ್ಟಿದ್ದಳು. ಬಿಟ್ಟೆವು. ಅದು ಉಳಿದವುಗಳ ಹಾಗೆ ಈಜಲಿಲ್ಲ. ಕಾಲು ಬಡಿಯುತ್ತ ಹೇಗೋ ಚಪ್ಪಡಿಯ ಅಂಚಿಗೆ ಉಗುರು ಹಾಕಿತು. ತಪ್ಪಿಸಿಕೊಳ್ಳಲು ನೋಡುತ್ತಿದೆ ಎಂದುಕೊಂಡೆವು. ಕೋಲಿನಿಂದ ನೀರಿಗೆ ತಳ್ಳಿದ್ದಾಯಿತು. ಮತ್ತೆ ಬಂತು. ಮತ್ತೆ ತಳ್ಳಿದ್ದಾಯಿತು. ತಳ್ಳಿದ್ದಾಯಿತು ಎಂದು ಬರೆದೆ, ಕರ್ತೃವಿಲ್ಲದ ವಾಕ್ಯ. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಗ ವಿದ್ಯಾರ್ಥಿಗಳ ಪ್ರಬಂಧದಲ್ಲಿ ಇಂಥದ್ದು ಕಂಡರೆ ನಾನು ಕೆಂಪು ಗೆರೆ ಎಳೆಯುತ್ತಿದ್ದೆ. ಕೋಲು ಕೆಲವು ಸಲ ನನ್ನ ಕೈಯಲ್ಲಿ ಕಾಣುತ್ತದೆ, ಕೆಲವು ಸಲ ಅಣ್ಣನ ಕೈಯಲ್ಲಿ. ನುಗ್ಗೆ ಕೋಲು, ಸಿಪ್ಪೆ ಸುಲಿದದ್ದು, ತುದಿ ಒದ್ದೆಯಾದದ್ದು. ಅದೆಲ್ಲ ಸ್ಪಷ್ಟವಾಗಿದೆ. ಕೈ ಮಾತ್ರ ಬದಲಾಗುತ್ತದೆ.

ಸಂಜೆ ಅವ್ವ ಬರುವ ಹೊತ್ತಿಗೆ ಅದು ತೊಟ್ಟಿಯ ತಳದಲ್ಲಿತ್ತು. ಅವ್ವ ತೋಳು ಮುಳುಗಿಸಿ ಎತ್ತಿದಳು. ಕತ್ತು ಹೊರಗೆ ಜೋತಿತ್ತು. ಬಹಳ ಹೊತ್ತು ಅದರ ಕಾಲನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿದಳು. ತೊಟ್ಟಿಗೆ ಒರಗಿದ್ದ ಕೋಲನ್ನೂ ನೋಡಿದಳು. ಯಾರದು ಎಂದು ಕೇಳಲಿಲ್ಲ. ಕೋಲನ್ನು ಎರಡು ತುಂಡು ಮಾಡಿ ಹಂಡೆ ಒಲೆಗೆ ಹಾಕಿದಳು. ನುಗ್ಗೆ ಮರದ ಬುಡದಲ್ಲಿ ಗುಂಡಿ ತೋಡಿದಾಗ, ಅಷ್ಟು ದಿನ ತೊಟ್ಟಿಯ ಬಳಿ ಸುಳಿಯದಿದ್ದ ಅಜ್ಜಿ ಎದ್ದು ಬಂದು ಒಂದು ಚಿಟಿಕೆ ಅರಿಸಿನ ಹಾಕಿ, ಒಳಗೆ ಹೋದಳು.

ಕೊಪ್ಪದಲ್ಲಿ ಕಾಳಯ್ಯ ಎಂಬ ನೀರುಗಂಟಿಯಿದ್ದ. ಕೆರೆಯ ತೂಬು ಎತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವ ಕೆಲಸ ಅವನದು. ಅವ್ವನನ್ನು ಮಗುವಾಗಿದ್ದಾಗಿನಿಂದ ಬಲ್ಲವನು. ಮುಂದಿನ ಭಾನುವಾರ ಅವ್ವ ಅಣ್ಣನನ್ನೂ ನನ್ನನ್ನೂ ಕರೆದುಕೊಂಡು ಅವನ ಬಳಿಗೆ ಹೋದಳು. ಕೆರೆ ಏರಿಯ ಮೇಲೆ ನಿಂತು ನಡೆದದ್ದನ್ನು ಹೇಳಿದಳು.

“ನಾನು ಒಂದ ನೀರ್ಗೆ ಬುಟ್ಟು ಸಾಯ್ಸ್ಬುಟ್ಟೆ ಕಣ್ ಕಾಳಣ್ಣ.”

ನಾನು, ಅಂದಳು. ನಮ್ಮಿಬ್ಬರ ಕಡೆ ತಿರುಗಿಯೂ ನೋಡಲಿಲ್ಲ.

“ಕಾಲು ಎಂಗಿತ್ತವ್ವ?”

“ಗಿಡ್ಡಕೆ, ದಪ್ಪಕೆ. ಆನೆ ಕಾಲಿದ್ದಂಗೆ.”

“ಅದು ನೀರ್ದಲ್ಲ ಕಣವ್ವ, ನೆಲದ್ದು. ಬೆರಳ್ ಸಂದೀಲಿ ಬಾತುಕೋಳಿ ತರ ತೊಗಲಿದ್ರೆ ನೀರ್ಗೆ ಬುಡು. ಆನೆ ಪಾದ ಇದ್ರೆ ನೆಲದ ಮೇಲೇ ಇರ್ಲಿ, ಎಲ್ಲಿಂದ ತಂದ್ರೋ ಅಲ್ಲಿಗೇ ಕಳುಸ್ಬೇಕು.”

ಅವ್ವ ಏರಿಯ ಮೇಲೆ ಕುಕ್ಕರಿಸಿದಳು.

“ಎಲ್ಡುಕ್ಕೂ ಆಮೆ ಅಂತ ಒಂದೇ ಎಸ್ರು ಮಡಗವ್ರಲ್ಲ, ಯಾರಣ್ಣ ಮಡಗ್ದೋನು?”

“ಯಾರೋ. ಕಾಲು ನೋಡ್ದೆ ಮಡಗವ್ನೆ.”

ಆ ದಿನದಿಂದ ನಮ್ಮ ಮನೆಗೆ ಬಂದ ಪ್ರತಿ ಆಮೆಯನ್ನೂ ಅವ್ವ ಮೊದಲು ಎತ್ತಿ ಕಾಲು ನೋಡುತ್ತಿದ್ದಳು. ತಂದವರನ್ನು ಕೂರಿಸಿ, ಕಾಫಿ ಕೊಟ್ಟು, ಪೊಲೀಸಿನವರ ಹಾಗೆ ವಿಚಾರಿಸುತ್ತಿದ್ದಳು. ಎಲ್ಲಿಂದ ತಂದಿರಿ, ಯಾವಾಗ, ಆ ಜಾಗ ಈಗಲೂ ಇದೆಯಾ. ಜಾಗ ಇದೆ ಎಂದರೆ ಅಲ್ಲಿಗೇ ಬಿಟ್ಟು ಬನ್ನಿ ಎಂದು ಕಳಿಸುತ್ತಿದ್ದಳು, ಬಿಟ್ಟು ಬಂದದ್ದನ್ನು ಹೇಳಿ ಹೋಗಬೇಕು ಎಂದೂ ಕಟ್ಟು ಮಾಡುತ್ತಿದ್ದಳು. ಕಾಳಯ್ಯ ಕೆರೆಯ ಮೂಲೆಯಲ್ಲಿ ಬೇಸಿಗೆಗೂ ಬತ್ತದ ಒಂದು ಮಡು ತೋರಿಸಿದ್ದ. ಜೊಂಡು, ಹೂಳು, ಬಿಸಿಲಿಗೆ ಕೂರಲು ಬಿದ್ದ ಮರ, ಮೊಟ್ಟೆಗೆ ಸಡಿಲ ಮಣ್ಣಿನ ದಂಡೆ, ಎಲ್ಲ ಇದ್ದವು. ಆ ಕೆರೆಯಲ್ಲಿ ಯಾರೂ ಆಮೆ ಹಿಡಿಯುವುದಿಲ್ಲ ಎಂದು ಕಾಳಯ್ಯ ಮಾತು ಕೊಟ್ಟ. ಅವ್ವನಿಗೆ ಮಾತು ಸಾಲಲಿಲ್ಲ. ಬೇಸಿಗೆ ಮಧ್ಯದಲ್ಲೊಮ್ಮೆ ಹೋಗಿ ನೀರು ಕಣ್ಣಾರೆ ನೋಡಿ ಬಂದ ಮೇಲೆಯೇ ಸಂಬಂಧ ಗಟ್ಟಿ ಮಾಡಿದಳು. ಅಷ್ಟರಲ್ಲಿ ಅಜ್ಜಿಯ ಯುಗಾದಿ ಬಂದು ಹೋಗಿತ್ತು. ತೊಟ್ಟಿಯಲ್ಲಿ ನಾಲ್ಕು ಆಮೆಗಳಿದ್ದವು. ಅಜ್ಜಿ ಎಣ್ಣೆಸ್ನಾನ ಮಾಡಿ ಹಿತ್ತಲಿಗೆ ಬಂದು ಕೂದಲು ಒಣಗಿಸಿಕೊಂಡಳೇ ಹೊರತು ಅತ್ತ ನೋಡಲಿಲ್ಲ.

ಬಸ್ಸಿನ ಪ್ರಯಾಣಗಳು ನನ್ನ ನೆನಪಿನಲ್ಲಿ ಒಂದಕ್ಕೊಂದು ಅಂಟಿಕೊಂಡಿವೆ. ಒಂದು ಸಲಕ್ಕೆ ಎರಡು ಆಮೆ, ಒಂದೊಂದಕ್ಕೆ ಒಂದು ಬಕೀಟು, ಮೇಲೆ ಒದ್ದೆ ಗೋಣಿ. ಮುಚ್ಚಿದ ಬಕೀಟನ್ನು ಕಂಡಕ್ಟರು ಬಿಡುತ್ತಿರಲಿಲ್ಲ.

“ಏನಮ್ಮ ಅದು, ಮೀನಾ? ವಾಸ್ನೆ ಬಂದ್ರೆ ಇಳುಸ್ಬುಡ್ತೀನಿ.”

“ಮೀನಲ್ಲ ಕಣಪ್ಪ, ಎಣ್ಣು. ಮನೆ ತುಂಬುಸಕ್ಕೆ ಓಯ್ತಾ ಇವ್ನಿ.”

ಅವನು ಗೋಣಿ ಎತ್ತಿ ನೋಡಿದ. ಆಮೆಯೂ ಅವನನ್ನು ನೋಡಿತು.

“ಮದ್ಮಗಳು ಒಸಿ ಕಪ್ಪು ಕಣಮ್ಮ.”

“ನಿನ್ಗಲ್ಲ ಬುಡು. ನೋಡಿರೋ ಕಡೆಯೋರು ಒಪ್ಪವ್ರೆ.”

ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ನಕ್ಕೆ. ಮೊದಲ ಸಲ ನಕ್ಕಿದ್ದು ಆಗಲೇ ಇರಬೇಕು. ಮಡುವಿನ ದಂಡೆಗೆ ಹೋದರೆ ಅವ್ವ ನೀರಿಗೆ ಎಸೆಯುತ್ತಿರಲಿಲ್ಲ. ದಂಡೆಯ ಮೇಲೆ ಇಟ್ಟು ದೂರ ಕುಳಿತುಕೊಳ್ಳುತ್ತಿದ್ದಳು. ಅದು ತಾನಾಗಿ ನೀರಿಗಿಳಿಯಬೇಕು, ಒಂದು ಸಲವಾದರೂ ತಾನಾಗಿ ಮೇಲೆ ಬಂದು ಕೂರಬೇಕು. ಅದಾಗುವ ತನಕ ಬಸ್ಸು ತಪ್ಪಿದರೂ ಏಳುತ್ತಿರಲಿಲ್ಲ.

ನಾನು ಬದಲಾದ ದಿನ ನನಗೆ ಗೊತ್ತು, ಅಥವಾ ಗೊತ್ತೆಂದುಕೊಂಡಿದ್ದೇನೆ. ಶಾಲೆ ಬಿಟ್ಟು ಹುಡುಗಿಯರೆಲ್ಲ ಬೀದಿಯಲ್ಲಿ ಕುಂಟೆಬಿಲ್ಲೆಗೆ ಗೆರೆ ಎಳೆಯುತ್ತಿದ್ದೆವು. ನಿಡಘಟ್ಟದಿಂದ ಬಸ್ಸಿಳಿದು ಬಂದ ದಂಪತಿ ಕೈಯಲ್ಲಿ ಬಕೀಟು ಹಿಡಿದು ನಿಂತರು. ಆ ಹೆಂಗಸು ಕೇಳಿದರು.

“ಆಮೆ ತಾಯಮ್ಮೋರ ಮನೆ ಯಾವುದವ್ವ? ಕಾಲು ನೋಡಿ ಜಾಗ ಏಳ್ತಾರಂತಲ್ಲ, ಅವ್ರು.”

ಹುಡುಗಿಯರು ಕಿಸಕ್ಕನೆ ನಕ್ಕರು. ಆದರೆ ಆ ಹೆಂಗಸಿನ ಮುಖದಲ್ಲಿ ನಗುವಿರಲಿಲ್ಲ. ಡಾಕ್ಟರ ಮನೆ ಕೇಳುವವರ ಮುಖ ಅದು. ನಿಡಘಟ್ಟ ಎಲ್ಲಿ, ಗುತ್ತಲು ಎಲ್ಲಿ. ಅಷ್ಟು ದೂರದವರಿಗೆ ನನ್ನ ಅವ್ವ ಕಾಲು ನೋಡುವವಳಾಗಿ ಗೊತ್ತಿದ್ದಳು.

“ನಮ್ಮವ್ವ. ಬನ್ನಿ.”

“ಏ ಜಯ, ಆಟ ಬುಟ್ಟು ಓಯ್ತೀಯಾ?” ಎಂದಳು ಸರ್ವಮಂಗಳ.

“ಆಮೆ... ಮೇಲೆ ಬತ್ತೀನಿ” ಎಂದೆ. ಬೇಕೆಂದೇ ಬಿಡಿಸಿ, ಬೀದಿ ಕೇಳುವ ಹಾಗೆ. ಈ ಸಲ ಯಾರೂ ಕೂಗಲಿಲ್ಲ. ಕೂಗಲು ಏನೂ ಉಳಿದಿರಲಿಲ್ಲ.

ಬೀದಿಯಲ್ಲಿ ಕಟ್ಟಕಡೆಯದಾಗಿ ಮುಚ್ಚಿದ್ದು ನಮ್ಮ ಬಾವಿ. ಒಂದು ಮಳೆಗೆ ಒಳಗೋಡೆ ಕುಸಿಯಿತು. ಅಪ್ಪ ಬೇರೆ ದಾರಿಯಿಲ್ಲ ಎಂದರು. ಮೇಷ್ಟ್ರನ್ನು ಮೇಲೆತ್ತಿದ ದಿನ ಪುಟ್ಟಸ್ವಾಮಣ್ಣನ ಹೆಂಡತಿ ಗೋಡೆಯಾಚೆಯಿಂದ ಇಣುಕಿ, ನಿಮ್ಮ ಸೊಸೆಗೆ ಬೇರೆ ಕೆಲಸವಿಲ್ಲವಾ ಎಂದು ಅಜ್ಜಿಯನ್ನು ಕೇಳಿದರು. ಅಜ್ಜಿ ಮಂಚದಿಂದ ಎದ್ದು ಬಚ್ಚಲ ಬಾಗಿಲಿಗೆ ಬಂದು ನಿಂತಳು.

“ನೀರು ಕಾಯ್ದಿದ್ರ ಮೇಲೆ ನೀವು ಕಲ್ಲು ಉಯ್ಯಕ್ಕೆ ಓದ್ರಿ. ನನ್ ಸೊಸೆ ಜಾಗ ಮಾಡ್ಕೊಟ್ಳು. ಇನ್ನೇನ್ ಕ್ಯಾಮೆ ಬೇಕಿತ್ತೇ ನಿನ್ಗೆ?”

ಅವ್ವ ಕೇಳಿಸಿಕೊಂಡಳು. ಕೇಳಿಸದವಳ ಹಾಗೆ ಗೋಣಿ ನೆನೆಸುತ್ತಿದ್ದಳು. ಅಪ್ಪ ಶರ್ಟಿನ ತೋಳು ಮಡಚಿ ಬಂದು ಆಮೆಯನ್ನು ತಾವೇ ಬಕೀಟಿಗೆ ಇಳಿಸಿದರು. “ನಮ್ಮಂಥೋರಿಗೆಲ್ಲ ಇದ್ದದ್ದೇ ಕಣಯ್ಯ. ನಿನಗೆ ಕೊಪ್ಪಕ್ಕೆ ವರ್ಗ ಆಯ್ತು” ಎಂದರು. ಅದು ಕತ್ತು ಚಾಚಿ ಅವರನ್ನು ದಿಟ್ಟಿಸಿ, ಎಂದಿನಂತೆ ತಲೆ ಒಳಗೆಳೆದುಕೊಂಡಿತು. ಸಂದಿಯ ಕಡೆ ಹೊರಟ ಅವ್ವನನ್ನು ಅಜ್ಜಿ ತಡೆದಳು.

“ಅಲ್ಲಿ ಕೆಸ್ರು. ಒಳಗಿಂದ್ಲೇ ತಕ್ಕೊಂಡೋಗು.”

ಬಚ್ಚಲ ಹೊಸಲು, ಅಡುಗೆಮನೆ, ನಡುಮನೆ, ಪಡಸಾಲೆ ದಾಟಿ ಮೇಷ್ಟ್ರು ಮುಂಬಾಗಿಲಿಂದ ಹೊರಟರು. ಜಗಲಿಯ ಮೇಲೆ ನಿಂತಿದ್ದ ನನಗೆ ಇಂಥ ಮನೆ ಮಂಡ್ಯದಲ್ಲಿ ಬೇರೊಂದಿಲ್ಲ ಎನಿಸಿತು. ಈಗಲೂ ಹಾಗೆಯೇ ಎನಿಸುತ್ತದೆ.

ಅವ್ವ ಸಾಯುವ ತನಕ, ಯಾರಾದರೂ ಆಮೆಯ ವಿಷಯ ತೆಗೆದು ಹೊಗಳಿದರೆ, ಒಂದು ನನ್ನ ಕೈಲೇ ಸತ್ತೋಯ್ತು ಎಂದು ಮೊದಲು ಹೇಳಿ ಮುಂದಿನದನ್ನು ಹೇಳುತ್ತಿದ್ದಳು. ಆ ದಿನ ಅವಳು ಊರಿನಲ್ಲೇ ಇರಲಿಲ್ಲ. ಆ ಮಾತನ್ನು ನಮ್ಮಿಬ್ಬರಲ್ಲಿ ಒಬ್ಬರಿಗಾಗಿ ಅವಳು ಹೊತ್ತಿದ್ದಳು. ಹೋದ ಯುಗಾದಿಗೆ ಅಣ್ಣ ಮತ್ತು ನಾನು ಕೊಪ್ಪಕ್ಕೆ ಹೋಗಿದ್ದೆವು. ಮಡು ಇದೆ, ಚಿಕ್ಕದಾಗಿದೆ. ಬಿದ್ದ ಮರದ ಮೇಲೆ ಮೂರು ಕಪ್ಪು ಬೆನ್ನುಗಳು ಬಿಸಿಲಿಗೆ ಸಾಲಾಗಿ ಕುಳಿತಿದ್ದವು. ಅಣ್ಣ ನಾಲ್ಕು ಎಂದ. ಅವನ ಪಕ್ಕದಲ್ಲಿ ನಿಂತು, ನೀರು ನೋಡುತ್ತಲೇ ಕೇಳಿದೆ.

“ಅಣ್ಣ, ಆವತ್ತು ಕೋಲು ಯಾರ ಕೈಲಿತ್ತು?”

ಅವನು ಕನ್ನಡಕ ತೆಗೆದು ಪಂಚೆಯ ಅಂಚಿಗೆ ಒರೆಸಿ ಮತ್ತೆ ಹಾಕಿಕೊಂಡ.

“ಆಮೇಲೆ ಏಳ್ತೀನಿ ಕಣವ್ವ” ಎಂದ.

ಮೊನ್ನೆ ದೀಪಾವಳಿಯೂ ಮುಗಿಯಿತು.